ಏರಿನಲ್ಲಿ ಗೇರ್‌ಬಾಕ್ಸ್ ಎಷ್ಟು ಕಾದಿದೆ?

ಅಮೆರಿಕದ ಅರಿಜೋನಾದಲ್ಲಿ ಕೊಲರಾಡೊ ನದಿಯ ದಡದ ಬುಲ್‌ಹೆಡ್ ಸಿಟಿ ಬಿಟ್ಟು 68ನೇ ರಾಜ್ಯ ಹೆದ್ದಾರಿ ಹಿಡಿದರೆ ಯೂನಿಯನ್ ಪಾಸ್‌ವರೆಗೂ ಏರೇ ಏರು. ಸುಮಾರು 18 ಕಿ.ಮೀ. ದಾರಿ, 900 ಮೀಟರಿಗೂ ಮಿಕ್ಕಿದ ಎತ್ತರ. ಡೇವಿಸ್ ಡ್ಯಾಮ್ ಏರು ಎಂದರೆ ಪಿಕಪ್ ಟ್ರಕ್ ತಯಾರಿಸುವವರಿಗೆಲ್ಲ ಗೊತ್ತು. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಟ್ರಕ್ಕಿನ ಎಳೆಯುವ ತಾಕತ್ತು ಈ ದಾರಿಯ ಲೆಕ್ಕದಲ್ಲೂ ಸಾಬೀತಾಗಬೇಕು. ಬುಡದಲ್ಲಿ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಸೆಕೆ ಇರಬೇಕು. ಎ.ಸಿ. ಪೂರ್ತಿ ಓಡುತ್ತಿರಬೇಕು. ಹಿಂದೆ ಟ್ರೇಲರ್ ಕಟ್ಟಿಕೊಂಡು, ಸಾಮಾನ್ಯ ಪಿಕಪ್ ಆದರೆ ವೇಗ ಗಂಟೆಗೆ 64 ಕಿ.ಮೀ.ಗಿಂತ ಇಳಿಯದಂತೆ ಹತ್ತಬೇಕು. ಮಧ್ಯೆ ಏನೂ ಕೆಡಕೂಡದು. ಈ ಮಾನದಂಡವನ್ನು ಮೊದಲು ಒಪ್ಪಿದ್ದು ಟೊಯೊಟಾ, ತನ್ನ 2011ರ ಟಂಡ್ರಾ ಮಾದರಿಗೆ.

ಅಲ್ಲಿ ಎಂಜಿನ್ನಿನಷ್ಟೇ ಬೆವರುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸ್. ನಮ್ಮ ಲಾರಿಗಳಲ್ಲಿ ಬಹುಪಾಲು ಕೈಯಲ್ಲಿ ಗೇರ್ ಹಾಕುವಂಥವು, ಹಾಗಾಗಿ ಈ ಚಿಂತೆ ಇಲ್ಲಿನ ಚಾಲಕರಿಗೆ ಅಷ್ಟು ಪರಿಚಿತವಲ್ಲ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಶಕ್ತಿ ದಾಟುವುದು ಆಯಿಲ್ ಮೂಲಕ. ಒಂದು ಕಡೆಯ ಚಕ್ರ ಜೋರಾಗಿ ತಿರುಗಿ, ಇನ್ನೊಂದು ಹಿಂದೆ ಬಿದ್ದಾಗ ಆಯಿಲ್ ಕಲಕಿ ಕಾಯುತ್ತದೆ. ವೇಗ ಸಾಕಷ್ಟಾದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಬೆಸೆದುಬಿಡುತ್ತದೆ. ಆಗ ಬಿಸಿ ಇಳಿಯುತ್ತದೆ. ಏರಿನಲ್ಲಿ ಮೇಲಿನ ಗೇರಿಗೇ ಅಂಟಿಕೊಂಡು ಆಕ್ಸಿಲರೇಟರ್ ತುಳಿದರೆ ಲಾಕ್ ಬಿಟ್ಟುಕೊಳ್ಳುತ್ತದೆ. ಎಂಜಿನ್ ಗುಡುಗಿದರೂ ಚಿಂತೆಯಿಲ್ಲವೆಂದು ಒಂದು ಗೇರ್ ಇಳಿಸಿದವರ ಆಯಿಲೇ ತಣ್ಣಗಿರುತ್ತದೆ. ಭಾರ ಎಳೆಯುವಾಗ ಒತ್ತುವ ಟೋ/ಹಾಲ್ ಬಟನ್ ಇರುವುದು ಇದಕ್ಕೇ.

ಆದರೆ ಆಯಿಲ್ ಅತಿ ಬೇಗ ಕಾಯುವುದು ಘಟ್ಟದಲ್ಲಲ್ಲ, ಕ್ಯಾಂಪಿನ ಅಂಗಳದಲ್ಲಿ. ಭಾರದ ಟ್ರೇಲರನ್ನು ಇಳಿಜಾರಿನ ಮೇಲಕ್ಕೆ ರಿವರ್ಸ್ ಮಾಡುವಾಗ ವೇಗ ಇಲ್ಲ, ಲಾಕ್ ಇಲ್ಲ, ಆಯಿಲ್ ತಣಿಸುವ ಮುಂದಿನ ಕೂಲರಿಗೆ ಓಟದ ಗಾಳಿಯೂ ಇಲ್ಲ. ದಿನವಿಡೀ ಹೆದ್ದಾರಿಯಲ್ಲಿ ಅಲುಗದ ಬಿಸಿಯ ಅಂಕಿ ಇಲ್ಲಿ ಕೆಲವೇ ನಿಮಿಷಗಳಲ್ಲಿ ಜಿಗಿಯುತ್ತದೆ.

ಯಾವ ಅಂಕಿಗೆ ಹೆದರಬೇಕು? ಅಮೆರಿಕದ ಗ್ಯಾರೇಜುಗಳಲ್ಲಿ ಒಂದು ಹಳೆಯ ಪಟ್ಟಿ ಓಡಾಡುತ್ತದೆ: 175 ಡಿಗ್ರಿ ಫ್ಯಾರನ್‌ಹೀಟ್ ಒಳ್ಳೆಯದು, ಅಲ್ಲಿಂದ ಪ್ರತಿ 20 ಡಿಗ್ರಿಗೆ ಆಯಿಲ್ ಆಯುಸ್ಸು ಅರ್ಧ. ಹಳೆಯ ಕಾಲದ ಆಯಿಲಿಗೆ ಅದು ಸರಿಯಿದ್ದೀತು. ಜನರಲ್ ಮೋಟಾರ್ಸ್ 2005ರಲ್ಲಿ ತಂದ ಡೆಕ್ಸ್‌ರಾನ್ 6ರಂಥ ಆಯಿಲ್‌ಗಳು ಇನ್ನೂ ಹೆಚ್ಚು ತಡೆಯುತ್ತವೆ. ಇಂಧನ ಉಳಿಸಲೆಂದೇ ಹೊಸ ಗೇರ್‌ಬಾಕ್ಸುಗಳನ್ನು 200ರ ಆಸುಪಾಸಿನಲ್ಲಿ ಓಡುವಂತೆ ಥರ್ಮೊಸ್ಟ್ಯಾಟ್ ಇಟ್ಟು ಕಟ್ಟುತ್ತಾರೆ. ಹಳೆಯ ಪಟ್ಟಿ ಹಿಡಿದುಕೊಂಡು ಆ ಥರ್ಮೊಸ್ಟ್ಯಾಟನ್ನು ಕಿತ್ತುಹಾಕುವ ಉತ್ಸಾಹಿಗಳದು ಅನಗತ್ಯ ಶ್ರಮ. 220 ದಾಟಿದರೆ ಕಣ್ಣಿಡಬೇಕು, 240ರಲ್ಲಿ ಭಾರವನ್ನೋ ವೇಗವನ್ನೋ ಇಳಿಸಬೇಕು ಎಂಬುದು ಸಾಧಾರಣ ಲೆಕ್ಕ. ಕೊನೆಯ ಮಾತು ಆಯಾ ಟ್ರಕ್ಕಿನ ಕೈಪಿಡಿಯದು.

ಸೆನ್ಸರ್ ಎಲ್ಲಿದೆ ಎಂದು ತಿಳಿಯದೆ ಅಂಕಿ ಓದುವುದು ವ್ಯರ್ಥ. ಆಯಿಲ್ ಪ್ಯಾನಿನಲ್ಲಿದ್ದರೆ ತಣಿದು ಬಂದ ಆಯಿಲಿನ ಬಿಸಿ ಕಾಣುತ್ತದೆ. ಕನ್ವರ್ಟರಿನಿಂದ ಕೂಲರಿಗೆ ಹೋಗುವ ಪೈಪಿನಲ್ಲಿದ್ದರೆ, ಏರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನದು ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ: ಗ್ರಾಹಕರು ಗಾಬರಿಯಾಗದಿರಲೆಂದು ಕೆಲವು ಟ್ರಕ್ಕುಗಳಲ್ಲಿ ಅದು ನಡುವೆಯೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಕೆಂಪು ದೀಪವಂತೂ ತಡವಾಗಿಯೇ ಹೊತ್ತುವುದು. ಅಂಕಿಯಲ್ಲೇ ತೋರಿಸುವ ಪರದೆ ಇದ್ದರೆ ಅದು ಮೇಲು. ಇಲ್ಲದಿದ್ದರೆ, ಅಮೆರಿಕದಲ್ಲಿ 1996ರಿಂದ ಕಾರುಗಳಿಗೂ ಹಗುರ ಪಿಕಪ್‌ಗಳಿಗೂ ಕಡ್ಡಾಯವಾದ, ದೋಷ ಪತ್ತೆಯ ಓಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ರೀಡರ್ ಚುಚ್ಚಿ ಮೊಬೈಲಿನಲ್ಲಿ ನೋಡಬಹುದು. ಗೇರ್‌ಬಾಕ್ಸ್ ಬಿಸಿಯ ಸಂಕೇತ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಕೊಳ್ಳುವ ಮೊದಲೇ ಆ್ಯಪ್ ತಮ್ಮ ಟ್ರಕ್ಕನ್ನು ಗುರುತಿಸುತ್ತದೆಯೇ ಎಂದು ಕೇಳಬೇಕು.

ಅಂಕಿ ಏರುತ್ತಲೇ ಹೋದರೆ ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ಮಾತ್ರ ಆರಿಸಬೇಡಿ, ಆರಿಸಿದರೆ ಆಯಿಲ್ ಪಂಪೂ ನಿಲ್ಲುತ್ತದೆ. ಪಾರ್ಕ್‌ಗೆ ಹಾಕಿ, ಎಂಜಿನ್ ವೇಗ ತುಸು ಏರಿಸಿ, ಅಂಕಿ ಇಳಿಯುವವರೆಗೆ ಕಾಯಿರಿ. ಹಳೆಯ ಡಾಜ್ ಟ್ರಕ್ಕುಗಳ ಕೆಲವು ಗೇರ್‌ಬಾಕ್ಸುಗಳಲ್ಲಿ ಪಾರ್ಕ್‌ನಲ್ಲಿ ಆಯಿಲ್ ಕೂಲರಿಗೆ ಹರಿಯುವುದೇ ಇಲ್ಲ. ಅವುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ನ್ಯೂಟ್ರಲ್‌ನಲ್ಲೇ ಇಡಬೇಕು.