ಭೂಮಣ್ಣಿ ಬುಟ್ಟಿ
ಸಾಗರ, ಸೊರಬದ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಹಬ್ಬ ಹತ್ತಿರವಾದರೆ ಬುಟ್ಟಿಗಳಿಗೆ ಹೊಸ ಬಣ್ಣ ಬರುತ್ತದೆ. ಸಗಣಿ ಬಳಿದು ಸಂದು ಮುಚ್ಚಿ, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚುತ್ತಾರೆ. ಆಮೇಲೆ ಚಿತ್ತಾರ. ನೆನೆಸಿ ಅರೆದ ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತರಬೇಕಾದ ಸಾಮಾನು ಒಂದೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆ ಗೆರೆ. ಅಳತೆಪಟ್ಟಿಯಿಲ್ಲ, ಮೊದಲೇ ಹಾಕಿಕೊಂಡ ಗುರುತಿಲ್ಲ. ಒಂದು ಕೈ ಬುಟ್ಟಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದಂತೆ, ಬಾಗಿದ ಮೈಮೇಲೆ ನೂಲಿನಷ್ಟು ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಕೂರುತ್ತವೆ. ಗೋಡೆಯ ಹಸೆ ಚಿತ್ತಾರಕ್ಕೆ ಸಪಾಟು ಜಾಗವಾದರೂ ಇದೆ. ಇಲ್ಲಿ ಅದೂ ಇಲ್ಲ. ಹಸೆಗೆ ಸಿಕ್ಕ ಹೆಸರು ಈ ಬುಟ್ಟಿಗೂ ಸಿಗಬೇಕು, ಒಂದು ಕೈ ಹೆಚ್ಚೇ ಸಿಗಬೇಕು.

ಅದೂ ಎಂಥ ಹೊತ್ತಿನ ಕೆಲಸ! ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಭೂಮಿ ಬಸುರಿ. ಅವಳ ಬಯಕೆಯೂಟಕ್ಕೆಂದು ಹಿತ್ತಲು, ಬ್ಯಾಣ ಸುತ್ತಿ ತಂದ ಬಗೆಬಗೆಯ ಸೊಪ್ಪು ರಾತ್ರಿಯೇ ಒಲೆಯ ಮೇಲೆ ಬೇಯುತ್ತದೆ. ಬೆಳಕು ಹರಿಯುವ ಮುಂಚೆ ಅಡುಗೆಯನ್ನು ಇದೇ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಬೀರುತ್ತಾರೆ. ಮನೆಯವರ ಊಟ ಆಮೇಲೆ, ಪೂಜೆ ಮುಗಿಸಿ, ಗದ್ದೆಯ ಹತ್ತಿರವೇ ಕುಳಿತು.