ಫೋನಿನಲ್ಲಿ ಸೋರಿಹೋದ ಸಕಾರ

ಹೊಸ ಫೋನು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕ್ಯಾಮೆರಾ. ದನಿಯನ್ನು ಪರೀಕ್ಷಿಸುವವರು ಕಡಿಮೆ. ನನಗೆ ಆ ಪರೀಕ್ಷೆಗೆ ಮೂರು ಊರಿನ ಹೆಸರು ಸಾಕು: ಕುರುಗೋಡು, ಬಳ್ಳಾರಿ, ಸಿರುಗುಪ್ಪ. ಆ ಕಡೆ ಇರುವವರಿಗೆ ಇವನ್ನು ಒಂದಾದ ಮೇಲೊಂದು ನಿಧಾನವಾಗಿ ಹೇಳಿ ಎನ್ನುತ್ತೇನೆ.

ಕುರುಗೋಡು ಎಂಥ ಫೋನಿನಲ್ಲೂ ಪಾರಾಗುತ್ತದೆ. ಕ, ರ, ಗ, ಡ, ಅವುಗಳ ಜೊತೆಗಿರುವ ಉಕಾರ, ಓಕಾರ ಎಲ್ಲವೂ ಕೆಳಗಿನ ಕಂಪನಗಳಲ್ಲೇ ಗುರುತು ಸಿಗುವ ಧ್ವನಿಗಳು. ಬಳ್ಳಾರಿ ಸ್ವಲ್ಪ ಕಠಿಣ. ನಾಲಗೆ ಹಿಂದಕ್ಕೆ ಮಡಚುವ ಳಕಾರಕ್ಕೂ ಹಲ್ಲಿನ ಹಿಂದೆ ನಿಲ್ಲುವ ಲಕಾರಕ್ಕೂ ಇರುವ ವ್ಯತ್ಯಾಸ ಬಹಳಮಟ್ಟಿಗೆ 2000ದಿಂದ 3000 ಹರ್ಟ್ಸ್‌ ಆಸುಪಾಸಿನಲ್ಲಿ ತೀರ್ಮಾನವಾಗುತ್ತದೆ. ಲೈನು ಚೆನ್ನಾಗಿದ್ದರೆ ಅದೂ ಉಳಿಯುತ್ತದೆ. ಫೋನು ಸೋಲುವುದು ಸಿರುಗುಪ್ಪದಲ್ಲಿ. ಸಕಾರದ ಶಕ್ತಿಯೆಲ್ಲ ಹೆಚ್ಚುಕಡಿಮೆ 4000 ಹರ್ಟ್ಸ್‌ಗಿಂತ ಮೇಲೆ. ಟೆಲಿಫೋನು ದಶಕಗಟ್ಟಲೆ ಸಾಗಿಸಿದ್ದು 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ. ಅಂದರೆ ಊರಿನ ಮೊದಲ ಅಕ್ಷರದ ಮುಕ್ಕಾಲು ಪಾಲು ಎಕ್ಸ್‌ಚೇಂಜಿನಲ್ಲೇ ಉದುರಿಹೋಗುತ್ತಿತ್ತು. ಆದರೂ ನಮಗೆ ಸಿರುಗುಪ್ಪ ಎಂದೇ ಕೇಳಿಸುತ್ತಿತ್ತು, ಏಕೆಂದರೆ ಆ ಊರು ನಮಗೆ ಗೊತ್ತು. ಗೊತ್ತಿಲ್ಲದ ಹೆಸರಿಗೆ ಈ ರಿಯಾಯಿತಿ ಇಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡನ್ನು ಫೋನಿನಲ್ಲಿ ಹೇಳಿ ನೋಡಿ, ‘ಎಸ್’ ಅಂದಿದ್ದು ‘ಎಫ್’ ಎಂದು ಬರೆದುಕೊಂಡಿರುತ್ತಾರೆ.

ಕೆಳಗಡೆಯೂ ಕತ್ತರಿ ಬಿದ್ದಿದೆ. ಗಂಡಸರ ಮೂಲ ಶ್ರುತಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್‌. ಅದು 300ಕ್ಕಿಂತ ಕೆಳಗಿರುವುದರಿಂದ ಹಳೆಯ ಬಗೆಯ ಫೋನಿನಲ್ಲಿ ಬರುವುದೇ ಇಲ್ಲ. ಅದರ ಮೇಲಿನ ಅನುಸ್ವರಗಳನ್ನು ಕೇಳಿ ಕಿವಿಯೇ ಆ ಶ್ರುತಿಯನ್ನು ಕಟ್ಟಿಕೊಳ್ಳುತ್ತದೆ. ನಟ ಬಳ್ಳಾರಿ ರಾಘವರ ಊರಿನವರಿಗೆ, ಜೋಳದರಾಶಿ ದೊಡ್ಡನಗೌಡರ ಗಮಕ, ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿ ಬೆಳೆದ ಸೀಮೆಯವರಿಗೆ ದನಿಯ ತುಂಬು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆ ತುಂಬಿನಲ್ಲಿ ಎಷ್ಟನ್ನು ಬಿಟ್ಟರೆ ಮಾತು ಉಳಿಯುತ್ತದೆ ಎಂಬ ಲೆಕ್ಕವೇ ಟೆಲಿಫೋನ್ ಧ್ವನಿಯ ಇತಿಹಾಸ. ಆ ಲೆಕ್ಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದೇ ವಿಭಾಗದಲ್ಲಿ ಓದಿದ ಮೂವರ ಪಾಲು ಎಷ್ಟು ದೊಡ್ಡದೆಂದು ನಮ್ಮಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ಈ ವಾರದ ಬರಹ ಅವರಿಗಾಗಿ.

ಮೊದಲು ದನಿ ಅಂಕಿಯಾದ ಬಗೆ. ಮಾತನ್ನು ತಂತಿಯ ಮೇಲಿನ ಅಲೆಯಾಗಿ ಕಳಿಸುವ ಬದಲು ಸಂಖ್ಯೆಗಳಾಗಿ ಕಳಿಸಬಹುದು ಎಂದು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಪ್ಯಾರಿಸ್ಸಿನಲ್ಲಿ ಕುಳಿತು 1938ರಲ್ಲಿ ಪೇಟೆಂಟ್ ಬರೆದರು. ಆಗಿನ ವಾಲ್ವುಗಳಿಂದ ಅದು ಕೈಗೂಡಲಿಲ್ಲ, ಟ್ರಾನ್ಸಿಸ್ಟರ್ ಬರುವವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ 1962ರಲ್ಲಿ ಬಳಕೆಗೆ ಬಂತು. ಸೆಕೆಂಡಿಗೆ 8000 ಸಲ ಅಲೆಯ ಎತ್ತರವನ್ನು ಅಳೆ, ಪ್ರತಿ ಅಳತೆಗೆ 8 ಬಿಟ್ ಕೊಡು. ಒಟ್ಟು ಸೆಕೆಂಡಿಗೆ 64,000 ಬಿಟ್. ಪಿಸುಮಾತಿನ ಅಳತೆಗೆ ಸಣ್ಣ ಸಣ್ಣ ಮೆಟ್ಟಿಲು, ಕೂಗಿಗೆ ದೊಡ್ಡ ದೊಡ್ಡ ಮೆಟ್ಟಿಲು. ಈ ಮೆಟ್ಟಿಲ ಲೆಕ್ಕಕ್ಕೆ ಎ-ಲಾ ಎನ್ನುತ್ತಾರೆ. ಯುರೋಪಿನಂತೆ ನಮ್ಮ ದೇಶವೂ ಅದನ್ನೇ ಆರಿಸಿಕೊಂಡಿತು, ಅಮೆರಿಕ ಮತ್ತು ಜಪಾನ್ ಬೇರೊಂದನ್ನು ಹಿಡಿದವು.

ಈ ಅಂಕಿಯ ದನಿ ನಮ್ಮ ಹಳ್ಳಿಗಳಿಗೆ ಬಂದದ್ದು ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನಿಂದ. 1984ರ ಆಗಸ್ಟಿನಲ್ಲಿ ಆ ಸಂಸ್ಥೆ ಹುಟ್ಟಿದಾಗ ಸ್ಯಾಮ್ ಪಿತ್ರೋಡಾ ಮತ್ತು ಜಿ. ಬಿ. ಮೀಮಾಂಸಿ ಮುಂತಾದವರು ಒಪ್ಪಿಕೊಂಡ ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ಅವರು ಮಾಡಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಆ ಪೆಟ್ಟಿಗೆಯ ಹೆಚ್ಚುಗಾರಿಕೆ ಎಂದರೆ ಅದಕ್ಕೆ ಎ.ಸಿ. ಬೇಡವಾಗಿತ್ತು. ಆ ಕಾಲದ ವಿದೇಶಿ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆಯೇ ಬೇಕಿತ್ತು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಂಥ ಜಿಲ್ಲೆಯಲ್ಲಿ, ಕರೆಂಟು ಬಂದು ಹೋಗುವ ಊರುಗಳಲ್ಲಿ ಈ ಒಂದು ಗುಣದ ಬೆಲೆ ಏನೆಂದು ಆಗ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತವರಿಗೆ ಗೊತ್ತು. ಬಳ್ಳಾರಿಗೆ 08392, ಕುರುಗೋಡಿಗೆ 08393, ಸಿರುಗುಪ್ಪಕ್ಕೆ 08396. ಹಳಬರಿಗೆ ಈ ಸಂಖ್ಯೆಗಳು ಇಂದಿಗೂ ಬಾಯಿಪಾಠ.

64,000 ಬಿಟ್ ತುಂಬಾ ಆಯಿತು, ಅರ್ಧದಲ್ಲಿ ಕೆಲಸ ಮುಗಿಸಬಹುದೇ ಎಂದು ಕೇಳಿದವರಲ್ಲಿ ನಿಖಿಲ್ ಜಯಂತ್ ಒಬ್ಬರು, ನಾನು ಹೇಳಿದ ಮೂವರಲ್ಲಿ ಮೊದಲನೆಯವರು. ಮೈಸೂರು ವಿಶ್ವವಿದ್ಯಾಲಯದ ಬಿಎಸ್‌ಸಿ ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಿಂದ ಬಿಇ, ಪಿಎಚ್‌ಡಿ ಮಾಡಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದವರು. 1973ರಲ್ಲಿ ಅವರು ಪ್ರಕಟಿಸಿದ ಉಪಾಯ ಬಹಳ ಸರಳ. ಹಿಂದಿನ ಅಳತೆ ದೊಡ್ಡದಾಗಿ ಬಂದರೆ ಮುಂದಿನ ಮೆಟ್ಟಿಲನ್ನು ಹಿಗ್ಗಿಸು, ಸಣ್ಣದಾಗಿ ಬಂದರೆ ಕುಗ್ಗಿಸು. ಅಳತೆಗೋಲು ಮಾತಿನ ಜೊತೆಗೇ ಉಸಿರಾಡುತ್ತದೆ. ಆ ಕಡೆಯ ಯಂತ್ರವೂ ಅದೇ ಲೆಕ್ಕ ಹಾಕಿಕೊಳ್ಳುವುದರಿಂದ ಮೆಟ್ಟಿಲಿನ ಗಾತ್ರವನ್ನು ಬೇರೆ ಕಳಿಸಬೇಕಿಲ್ಲ. 1984ರಲ್ಲಿ 32,000 ಬಿಟ್‌ನ ಅಂತರರಾಷ್ಟ್ರೀಯ ಮಾನಕ ಬಂದಾಗ ಅದರ ಹೊಟ್ಟೆಯಲ್ಲಿದ್ದದ್ದು ಈ ಬಗೆಯ ವಿಚಾರವೇ. ಒಂದೇ ಕೇಬಲಿನಲ್ಲಿ ಎರಡರಷ್ಟು ಮಾತು ಹರಿಯಿತು.

ಎರಡನೆಯವರು ಬಿಷ್ಣು ಅಟಲ್. ಕಾನ್ಪುರದವರು, 1955ರಲ್ಲಿ ಅದೇ ವಿಭಾಗದ ಡಿಪ್ಲೊಮಾ ಪಡೆದು ಅಲ್ಲೇ 1957ರಿಂದ 1960ರವರೆಗೆ ಧ್ವನಿಶಾಸ್ತ್ರ ಕಲಿಸಿದರು. ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ 1967ರಲ್ಲಿ ಅವರು ಮುಂದಿಟ್ಟ ವಿಚಾರ ಇಂದಿನ ಪ್ರತಿ ಮೊಬೈಲಿನಲ್ಲೂ ಇದೆ. ಜಪಾನಿನಲ್ಲಿ ಫುಮಿತಾದ ಇತಾಕುರ ಕೂಡ ಅದೇ ಹೊತ್ತಿಗೆ ಅದೇ ದಾರಿಯಲ್ಲಿದ್ದರು. ಮಾತಿನ ಅಲೆಯಲ್ಲಿ ಈಗ ಬಂದ ಅಳತೆಯನ್ನು ಹಿಂದಿನ ಹತ್ತು ಅಳತೆಗಳಿಂದ ಬಹುಮಟ್ಟಿಗೆ ಊಹಿಸಬಹುದು, ಏಕೆಂದರೆ ಗಂಟಲು, ನಾಲಗೆ, ತುಟಿ ಕ್ಷಣಾರ್ಧದಲ್ಲಿ ಜಾಗ ಬದಲಿಸಲಾರವು. ಊರಿನವರಿಗೆ ದಿನಾ ಓಡಾಡುವ ದಾರಿ ಹೇಳುವಾಗ ನಾವು ರಸ್ತೆಯನ್ನೆಲ್ಲ ವರ್ಣಿಸುವುದಿಲ್ಲ, ಈ ಸಲ ಎಲ್ಲಿ ಬೇರೆ ಕಡೆ ತಿರುಗಿದೆವು ಎಂದಷ್ಟೇ ಹೇಳುತ್ತೇವೆ. ಅಟಲ್ ಫೋನಿಗೆ ಕಲಿಸಿದ್ದು ಅದನ್ನೇ: ಊಹೆ ತಪ್ಪಿದ್ದನ್ನು ಮಾತ್ರ ಕಳಿಸು.

1985ರಲ್ಲಿ ಅವರೂ ಶ್ರೋಡರರೂ ಇನ್ನೊಂದು ಹೆಜ್ಜೆ ಇಟ್ಟರು. ಊಹೆ ತಪ್ಪಿದ ಭಾಗಕ್ಕೆ 1024 ಮಾದರಿಗಳ ಒಂದು ಪಟ್ಟಿ ಮಾಡಿ ಎರಡೂ ಕಡೆ ಇಟ್ಟರು. ಕಳಿಸುವ ಕಡೆ ಪ್ರತಿಯೊಂದು ಮಾದರಿಯನ್ನೂ ಹಾಕಿ ಮಾತು ಕಟ್ಟಿ ನೋಡಿ, ಮೂಲಕ್ಕೆ ಯಾವುದು ಹತ್ತಿರ ಎಂದು ಮನುಷ್ಯನ ಕಿವಿಯ ಲೆಕ್ಕದಲ್ಲಿ ತೂಗಿ, ಗೆದ್ದದ್ದರ ಕ್ರಮಸಂಖ್ಯೆಯನ್ನು ಮಾತ್ರ ರವಾನಿಸುವುದು. ಸೆಲ್ಪ್ ಎಂಬ ಹೆಸರಿನ ಈ ವಿಧಾನ ಆಗ ಹುಚ್ಚು ದುಬಾರಿ. ಕ್ರೇ-1 ಸೂಪರ್‌ಕಂಪ್ಯೂಟರಿಗೆ ಒಂದು ಸೆಕೆಂಡಿನ ಮಾತನ್ನು ಮುಗಿಸಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅದೇ ವಿಧಾನದ ಮಕ್ಕಳು ಮೊಮ್ಮಕ್ಕಳು ಇಂದು ಎಪಿಎಂಸಿ ಹಮಾಲರ ಜೇಬಿನ ಫೋನಿನಲ್ಲಿ ಸೆಕೆಂಡಿಗೆ 200 ಸಲ ಈ ಹುಡುಕಾಟ ಮಾಡಿ ಮುಗಿಸುತ್ತಿವೆ. ಮೊಬೈಲಿನಲ್ಲಿ ನಾವು ಕೇಳುವುದು ನಮ್ಮ ಫೋನಿನ ಚಿಪ್ಪು ಅಲ್ಲೇ ಕುಳಿತು ಕಟ್ಟಿದ ದನಿಯನ್ನು. ತಾಯಿಯ ಸ್ವರದ ಆರ್ದ್ರತೆಯೂ ಅದರಲ್ಲಿ ಉಳಿಯುತ್ತದೆ ಎಂಬುದು ನನಗೆ ಇಂದಿಗೂ ವಿಸ್ಮಯ.

ಈ ರಚನೆಯ ಗುಟ್ಟು ತಿಳಿದರೆ ಫೋನಿನ ಎಷ್ಟೋ ವಿಚಿತ್ರಗಳು ಬಿಡಿಸಿಕೊಳ್ಳುತ್ತವೆ. ಕಾಲರ್ ಟ್ಯೂನಿನ ಹಾಡು ಏಕೆ ಗಂಟಲು ಮುಕ್ಕಳಿಸಿದಂತೆ ಕೇಳುತ್ತದೆ? ಚಿಪ್ಪು ನಂಬಿರುವುದು ಒಂದು ಗಂಟಲು, ಒಂದು ಬಾಯಿ. ತಬಲಾ, ಪಿಟೀಲು, ಗಾಯಕಿ ಒಟ್ಟಿಗೆ ಬಂದರೆ ಅದನ್ನೂ ಒಂದೇ ಬಾಯಿಯ ಮಾತೆಂದು ಕಟ್ಟಲು ಹೋಗಿ ಸೋಲುತ್ತದೆ. ಸಿಗ್ನಲ್ ಕೆಟ್ಟಾಗ ಮಾತು ಲೋಹದ ಗೊಂಬೆಯದಾಗುವುದು ಏಕೆ? ಬಾರದ ತುಣುಕಿನ ಜಾಗಕ್ಕೆ ಹಿಂದಿನ ತುಣುಕನ್ನೇ ಮತ್ತೆ ಹಾಕಿರುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ನಿಂತು ಮಾತಾಡಿದರೆ ಮೋಟರಿನ ಗುಂಯ್ ಮಾಯವಾಗುತ್ತದೆ, ಪಕ್ಕದವರ ಮಾತು ಮಾತ್ರ ಬಂದೇ ಬರುತ್ತದೆ. ಏಕರೀತಿಯ ಸದ್ದನ್ನು ಅಳೆದು ಕಳೆಯುವುದು ಸುಲಭ, ಮಾತಿನಿಂದ ಮಾತನ್ನು ಕಳೆಯುವುದು ಕಷ್ಟ. ಇಬ್ಬರೂ ಸುಮ್ಮನಾದಾಗ ಕೇಳುವ ಮೆಲುವಾದ ಸುಯ್ ಕೂಡ ಎಷ್ಟೋ ಸಲ ಕೃತಕ. ಮೌನದಲ್ಲಿ ಫೋನು ಏನನ್ನೂ ಕಳಿಸದೆ ಬ್ಯಾಟರಿ ಉಳಿಸುತ್ತದೆ. ಪೂರ್ತಿ ನಿಶ್ಶಬ್ದವಾದರೆ ಲೈನ್ ಕಟ್ಟಾಯಿತೆಂದು ನಾವು ಗಾಬರಿಯಾಗುತ್ತೇವೆಂದು ಈ ಕಡೆಯ ಚಿಪ್ಪು ಸ್ವಲ್ಪ ಸದ್ದು ಮಾಡಿ ಇಡುತ್ತದೆ.

ಮೂರನೆಯವರು ಮನಮೋಹನ್ ಸೋಂಧಿ, 1953ರಲ್ಲಿ ಅದೇ ಬೆಂಗಳೂರಿನ ಸಂಸ್ಥೆಯ ಡಿಪ್ಲೊಮಾ ಪಡೆದವರು. ನನ್ನ ಮಟ್ಟಿಗೆ ಮೂವರಲ್ಲಿ ಇವರ ಕೆಲಸವೇ ದೊಡ್ಡದು. ಎರಡು ತಂತಿಯ ಮನೆಯ ಲೈನು ನಾಲ್ಕು ತಂತಿಯ ದೂರದ ಲೈನಿಗೆ ಸೇರುವ ಕಡೆ ಮಾತಿನ ಒಂದಿಷ್ಟು ಪಾಲು ತಿರುಗಿ ಬರುತ್ತದೆ. ಪಕ್ಕದ ಊರಿನ ಕರೆಯಲ್ಲಿ ಅದು ತಿಳಿಯದು. ಭೂಮಿಯಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಹೋಗುವ ಕರೆಯಲ್ಲಿ ನಮ್ಮ ಮಾತು ಅರ್ಧ ಸೆಕೆಂಡು ತಡವಾಗಿ ನಮ್ಮ ಕಿವಿಗೇ ಬಂದು ನಾಲಗೆಯನ್ನು ಕಟ್ಟಿಹಾಕುತ್ತದೆ. ಹಿಂದಿನ ಯಂತ್ರಗಳು ಒಬ್ಬರು ಮಾತಾಡುವಾಗ ಇನ್ನೊಬ್ಬರ ದಾರಿಯನ್ನೇ ಮುಚ್ಚುತ್ತಿದ್ದವು. ನಡುವೆ ಬಾಯಿ ಹಾಕುವಂತಿಲ್ಲ, ‘ಹ್ಞೂಂ’ಗುಟ್ಟುವಂತಿಲ್ಲ. ಹ್ಞೂಂಗುಟ್ಟದೆ ಕನ್ನಡದಲ್ಲಿ ಸಂಭಾಷಣೆ ನಡೆಯುತ್ತದೆಯೇ? 1967ರ ಪ್ರಬಂಧದಲ್ಲಿ ಸೋಂಧಿ ತೋರಿಸಿದ್ದು ಕಲಿಯುವ ಯಂತ್ರವನ್ನು. ಹೋಗುವ ಮಾತು ಹೇಗೆ ತಿರುಗಿ ಬರುತ್ತದೆಂದು ಅದು ಕೇಳುತ್ತಲೇ ಕಲಿತು, ಅದರ ನಕಲನ್ನು ತಾನೇ ತಯಾರಿಸಿ, ಬಂದದ್ದರಿಂದ ಕಳೆಯುತ್ತದೆ. ಇಬ್ಬರ ದಾರಿಯೂ ತೆರೆದೇ ಇರುತ್ತದೆ. ಗಮನವಿಟ್ಟು ಕೇಳುವವರಿಗೆ ಇಂದಿಗೂ ಅದರ ಕಲಿಕೆ ಕೇಳಿಸುತ್ತದೆ: ಮೊದಲ ‘ಹಲೋ’ದ ಹಿಂದೆ ಸಣ್ಣ ನೆರಳು, ಎರಡನೇ ಮಾತಿಗೆ ಅದು ಇಲ್ಲ.

ಆದರೆ ಲೆಕ್ಕ ಬರೆದರೆ ಸಾಲದು, ಅದನ್ನು ಹೊರುವ ಸಿಲಿಕಾನ್ ಬೇಕು. ಬೆಲ್ ಲ್ಯಾಬ್ಸ್‌ನ ಡೊನಾಲ್ಡ್ ಡಟ್‌ವೈಲರ್ 1980ರಲ್ಲಿ ಈ ಇಡೀ ಯಂತ್ರವನ್ನು ಒಂದೇ ಚಿಪ್ಪಿಗೆ ಇಳಿಸಿದ ಮೇಲೆಯೇ ಅದು ಅಗ್ಗವಾಗಿ ಎಲ್ಲ ಲೈನಿಗೂ ಬಂದದ್ದು. ಅಟಲ್ ವಿಚಾರದ ಬಳಗದ ಧ್ವನಿ ಚಿಪ್ಪನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1978ರಲ್ಲೇ ಮಕ್ಕಳ ಆಟಿಕೆಯೊಂದರಲ್ಲಿ ಮಾತಾಡಿಸಿತ್ತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು, ನಮ್ಮ ಚಿಪ್ ವಿನ್ಯಾಸದ ಕಥೆ ಅಲ್ಲಿಂದ ಬೆಳೆಯಿತು.

ದನಿಯ ಜೊತೆಗೆ, ಕರೆಗೆ ದಾರಿ ತೋರಿಸುವ ದತ್ತಾಂಶವೂ ಬೇಕು. ಅದರ ಮಾತನ್ನು ಬೇಗ ಮುಗಿಸುತ್ತೇನೆ, ಅದು ಕಿವಿಗೆ ಬೀಳದ ಕಲೆ. ಹಿಂದೆ ನಂಬರೇ ವಿಳಾಸ. 08396 ಒತ್ತಿದರೆ ತಂತಿ ಸಿರುಗುಪ್ಪಕ್ಕೇ ಹೋಗಬೇಕು. ನಂಬರನ್ನು ವಿಳಾಸದಿಂದ ಬಿಡಿಸಿ, ಕರೆ ಬಂದಾಗ ದತ್ತಾಂಶ ಪಟ್ಟಿಯಲ್ಲಿ ಹುಡುಕಿ ದಾರಿ ತೋರಿಸುವ ಪೇಟೆಂಟನ್ನು ಬೆಲ್ ಲ್ಯಾಬ್ಸ್‌ನ ರಾಯ್ ವೆಬರ್ 1980ರಲ್ಲಿ ಪಡೆದರು. 1800ರಿಂದ ಶುರುವಾಗುವ ಉಚಿತ ನಂಬರುಗಳೆಲ್ಲ ಆ ವಿಚಾರದ ಫಲ. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರಿಗೆ ಸಿರುಗುಪ್ಪದ ಭತ್ತದ ರೈತ ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುವುದು, 2011ರ ಜನವರಿಯಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಲು ದೇಶದೆಲ್ಲೆಡೆ ಸಾಧ್ಯವಾದದ್ದು, ಎರಡರ ಹಿಂದೆಯೂ ಇಂಥ ಹುಡುಕಾಟವೇ ಇದೆ.

ಇನ್ನು ಸಕಾರದ ಸುದ್ದಿ. 4ಜಿ ಜಾಲದ ವೋಲ್ಟಿ ಕರೆಗಳಲ್ಲಿ ಸೆಕೆಂಡಿಗೆ 16,000 ಅಳತೆ, 50ರಿಂದ 7000 ಹರ್ಟ್ಸ್‌ವರೆಗಿನ ಪಟ್ಟಿ. ಒಳಗಿರುವುದು ಅಟಲ್ ವಿಧಾನದ ವಂಶವೇ, ಬಿಟ್‌ಗಳೂ ಹಳೆಯ ಮೊಬೈಲಿನಷ್ಟೇ. 2016ರಿಂದ ಈ ಕರೆಗಳು ನಮ್ಮ ದೇಶದಲ್ಲಿ ಸಾಮಾನ್ಯವಾದವು. ಸ, ಶ, ಫ ಬೇರೆಬೇರೆಯಾಗಿ ಕೇಳುತ್ತವೆ, ಗಂಡಸರ ದನಿಗೆ ತಳ ಬಂದಿದೆ. ಎರಡೂ ಕಡೆ ಈ ಸೌಲಭ್ಯವಿರಬೇಕು. ದಾರಿಯಲ್ಲಿ ಹಳೆಯ ಎಕ್ಸ್‌ಚೇಂಜ್ ಬಂದರೆ ಮತ್ತೆ 3400ಕ್ಕೇ ಕತ್ತರಿ.

ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಧ್ವನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶ ಉಚಿತ, ಮೊಬೈಲ್ ಧ್ವನಿಯ ಮಾನಕ ಸಂಕೇತಗಳೂ ಎಲ್ಲರಿಗೂ ತೆರೆದಿವೆ. ನಿಮ್ಮ ಪ್ರಾಜೆಕ್ಟಿಗೆ ಈ ಸೀಮೆಯ ಕನ್ನಡವನ್ನೂ ತೆಲುಗನ್ನೂ ಆರಿಸಿಕೊಳ್ಳಿ. ಹೊಲದಲ್ಲಿ, ಗಿರಣಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆಡುವ ಮಾತನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಬೇರೆಬೇರೆ ವಿಧಾನಗಳಲ್ಲಿ ಹಾಯಿಸಿ, ಯಾವ ಅಕ್ಷರ ಎಲ್ಲಿ ಸೋಲುತ್ತದೆಂದು ಪಟ್ಟಿ ಮಾಡಿ. ಜಯಂತ್, ಅಟಲ್, ಸೋಂಧಿಯವರ ಪ್ರಬಂಧಗಳನ್ನು ಮೂಲದಲ್ಲೇ ಓದಿ, ನಿಮ್ಮ ಗಣಿತಕ್ಕೆ ಎಟುಕದಷ್ಟು ಕಷ್ಟದವಲ್ಲ. ಉಳಿದ ಓದುಗರಿಗೆ ಇಷ್ಟೇ: ಮನೆಯ ಹಿರಿಯರ ಫೋನಿನ ಸೆಟ್ಟಿಂಗಿನಲ್ಲಿ ವೋಲ್ಟಿ ಆನ್ ಆಗಿದೆಯೇ ಎಂದು ಇವತ್ತೇ ನೋಡಿ, ಇಲ್ಲದಿದ್ದರೆ ಮಾಡಿಕೊಡಿ.