ಅಗಸಿಯಾಚೆಯ ಕ್ಯಾಮೆರಾ

‘ಸರ, ಶೆಡ್ಡಿನಾಗ ನಿಂತ್ರ ಕ್ಯಾಮೆರಾ ಕಾಣ್ತೈತಿ, ಮನ್ಯಾಗ ಕುಂತ್ರ ಕಾಣವಲ್ತು.’

ಸಾವಳಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಮಾರ್ಚಿನಲ್ಲಿ ಫೋನ್ ಮಾಡಿ ಹೇಳಿದ ಮಾತಿದು. ಶೆಡ್ಡಿನಲ್ಲೇ ನಿಂತವರಿಗೆ ಶೆಡ್ಡಿನ ಚಿತ್ರ ಏತಕ್ಕೆ ಬೇಕು ಎಂದು ನೀವು ಕೇಳಬಹುದು. ನನಗಂತೂ ಅಷ್ಟರಲ್ಲೇ ಅರ್ಧ ಕೆಲಸ ಮುಗಿದಿತ್ತು. ಕ್ಯಾಮೆರಾ ಕೆಟ್ಟಿಲ್ಲ, ಡಿವಿಆರ್ ಸತ್ತಿಲ್ಲ, ಮನೆಯಿಂದ ಅದರತ್ತ ಹೋಗುವ ದಾರಿಯೇ ಎಲ್ಲೋ ಮುಚ್ಚಿದೆ. ಮಣೂಕದ, ಅಂದರೆ ಒಣದ್ರಾಕ್ಷಿಯ ಕಾಲವಾದ್ದರಿಂದ ತಡ ಮಾಡುವಂತಿರಲಿಲ್ಲ. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿದ ಹಣ್ಣು ಎರಡು ವಾರ ಒಣಗುವವರೆಗೆ ವರ್ಷದ ದುಡಿಮೆಯೆಲ್ಲ ಆ ಶೆಡ್ಡಿನಲ್ಲೇ ಇರುತ್ತದೆ.

ಹೋಗಿ ನೋಡಿದೆ. ಪಡಸಾಲೆಯ ಗೋಡೆಗೆ ಫೈಬರ್ ಡಬ್ಬಿ, ಅದರ ವಿಳಾಸ 192.168.1.1. ಅಲ್ಲಿಂದ ಸುಮಾರು ಅರವತ್ತು ಮೀಟರ್ ಕೇಬಲ್ ಎಳೆದು ಶೆಡ್ಡಿನಲ್ಲಿ ಇನ್ನೊಂದು ರೂಟರ್ ಕೂರಿಸಿದ್ದರು. ಇಂಥ ಈಥರ್ನೆಟ್ ಕೇಬಲ್ಲಿನ ಮಿತಿ ನೂರು ಮೀಟರ್, ಹಾಗಾಗಿ ದೂರದ ತಕರಾರಿರಲಿಲ್ಲ. ಶೆಡ್ಡಿನ ರೂಟರಿನ ವಿಳಾಸ 192.168.0.1, ಅದರ ಬೆನ್ನಿಗೆ 192.168.0.50 ಎಂಬ ಡಿವಿಆರ್. ಮೂರನೆಯ ಅಂಕಿ ನೋಡಿ: ಮನೆಯಲ್ಲಿ ಒಂದು, ಶೆಡ್ಡಿನಲ್ಲಿ ಸೊನ್ನೆ. ಅವರು ಒಂದೇ ಹೊಲದಲ್ಲಿ ಗೊತ್ತಿಲ್ಲದೆ ಎರಡು ಓಣಿ ಕಟ್ಟಿದ್ದರು.

192.168ರಿಂದ ಶುರುವಾಗುವ ವಿಳಾಸಗಳನ್ನು ಯಾರ ಮನೆಯಲ್ಲಾದರೂ ಬಳಸಿಕೊಳ್ಳಲಿ ಎಂದು 1996ರ ಆರ್‌ಎಫ್‌ಸಿ 1918 ಬಿಟ್ಟುಕೊಟ್ಟಿದೆ. ಆದ್ದರಿಂದಲೇ ನಿಮ್ಮ ಮನೆಯ ವಿಳಾಸವೇ ನಮ್ಮ ಮನೆಯಲ್ಲೂ ಇರುತ್ತದೆ. ಓಣಿಯೊಳಗಿನವರು ಒಬ್ಬರನ್ನೊಬ್ಬರು ನೇರವಾಗಿ ಕೂಗಿ ಮಾತಾಡುತ್ತಾರೆ. ಹೊರಗೆ ಹೋಗಬೇಕಾದರೆ ಅಗಸಿ ದಾಟಬೇಕು. ಶೆಡ್ಡಿನ ರೂಟರೇ ಆ ಅಗಸಿ, ಅಲ್ಲೊಬ್ಬ ಕಟ್ಟುನಿಟ್ಟಿನ ತಳವಾರ. ಒಳಗಿನಿಂದ ಹೊರಟವರನ್ನು ವಹಿಯಲ್ಲಿ ಬರೆದುಕೊಂಡು ಅವರಿಗೆ ಬಂದ ಉತ್ತರವನ್ನಷ್ಟೇ ಒಳಗೆ ಬಿಡುತ್ತಾನೆ, ಕರೆಯದೆ ಬಂದವರನ್ನು ಅಲ್ಲಿಂದಲೇ ಕಳಿಸುತ್ತಾನೆ. ಅದಕ್ಕೇ ಶೆಡ್ಡಿನಿಂದ ಮನೆಯ ಡಬ್ಬಿಗೆ ಪಿಂಗ್ ಕೊಟ್ಟರೆ ಉತ್ತರ ಬಂತು, ಮನೆಯಿಂದ ಡಿವಿಆರಿಗೆ ಕೊಟ್ಟರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಮನೆಯ ಡಬ್ಬಿಗಂತೂ ಸೊನ್ನೆಯ ಓಣಿ ಇರುವುದೇ ಗೊತ್ತಿಲ್ಲ. ಅದು ಆ ವಿಳಾಸ ಹುಡುಕಿಕೊಂಡು ಇಂಟರ್ನೆಟ್ಟಿನ ಕಡೆ ಕೈ ತೋರಿಸುತ್ತಿತ್ತು.

ಇಂಥಲ್ಲಿ ಹಲವರು ಪೋರ್ಟ್ ಫಾರ್ವರ್ಡಿಂಗ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಗೋಡೆಗೆ ಕಿಂಡಿ ಕೊರೆದ ಹಾಗೆ. ಕೆಲಸ ಆಗುತ್ತದೆ, ಆದರೆ ಡಂಗುರ ಹೊಡೆದು ಕ್ಯಾಮೆರಾ ಹುಡುಕುವ ಆ್ಯಪ್‌ಗಳಿಗೆ ಆ ಕಿಂಡಿ ಕಾಣುವುದೇ ಇಲ್ಲ. ಎರಡು ಓಣಿ ಬೇಕೇ ಬೇಕು ಎನ್ನುವವರು ಮನೆಯ ಡಬ್ಬಿಯಲ್ಲಿ ಸ್ಟ್ಯಾಟಿಕ್ ರೂಟ್ ಬರೆದು, ಶೆಡ್ಡಿನ ತಳವಾರನನ್ನೂ ಸಡಿಲಿಸಬೇಕು. ಈ ಬೆಳೆಗಾರ ಕಾಕಾಗೆ ಎರಡು ಓಣಿಯ ಹಂಗೇ ಇರಲಿಲ್ಲ. ಶೆಡ್ಡಿನ ರೂಟರಿಗೆ 192.168.1.2 ಎಂದು ಹೊಸ ವಿಳಾಸ ಕೊಟ್ಟೆ, ಅದು ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ನಿಲ್ಲಿಸಿದೆ, ಆಮೇಲೆ ಕೇಬಲ್ಲನ್ನು ವ್ಯಾನ್ ತೂತಿನಿಂದ ಕಿತ್ತು ಪಕ್ಕದ ಲ್ಯಾನ್ ತೂತಿಗೆ ಚುಚ್ಚಿದೆ. ಈ ಸರದಿ ತಪ್ಪಬಾರದು. ತಪ್ಪಿದರೆ ಒಂದೇ ಓಣಿಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ.

ಮನೆಗೆ ಬಂದು ನೋಡಿದರೆ ಕ್ಯಾಮೆರಾ ಈಗಲೂ ಇಲ್ಲ. ಕಾಕಾ ನನ್ನ ಮುಖ ನೋಡಿದರು, ನಾನು ಚಹಾದ ಕಪ್ಪು ನೋಡಿದೆ.

ಡಿವಿಆರಿಗೆ ವಿಳಾಸವನ್ನು ಯಾರೋ ಕೈಯಿಂದಲೇ ಬರೆದಿಟ್ಟಿದ್ದರು. ಓಣಿ ಹೋದರೂ ಅದು ಹಳೆಯ ಮನೆ ನಂಬರ್ ಹಿಡಿದು ಕೂತಿತ್ತು. ಏಣಿ ಹತ್ತಿ ಅದಕ್ಕೆ ಮಾನಿಟರ್ ಜೋಡಿಸುವ ಬದಲು ನನ್ನ ಲ್ಯಾಪ್‌ಟಾಪಿಗೆ ಹತ್ತು ನಿಮಿಷದ ಮಟ್ಟಿಗೆ 192.168.0.10 ಎಂದು ಬರೆದೆ. ತಂತಿ ಈಗ ಒಂದೇ ಆದ್ದರಿಂದ ಆ ನಂಬರಿನಲ್ಲಿ ಕರೆದ ಕೂಡಲೇ ಡಿವಿಆರ್ ಓಗೊಟ್ಟಿತು. ಒಳಹೊಕ್ಕು ನೋಡಿದರೆ ಗೇಟ್‌ವೇ ಜಾಗದಲ್ಲಿ ಸಾಲಾಗಿ ನಾಲ್ಕು ಸೊನ್ನೆ! ಅಂದರೆ ಅಗಸಿ ಯಾವ ದಿಕ್ಕಿಗಿದೆ ಎಂಬುದೇ ಅದಕ್ಕೆ ಮೊದಲಿನಿಂದಲೂ ತಿಳಿದಿರಲಿಲ್ಲ. ಜಮಖಂಡಿ ಪೇಟೆಗೆ ಹೋದಾಗ ಮೊಬೈಲಿನಲ್ಲೂ ಕಾಣುವುದಿಲ್ಲ ಎಂದು ಕಾಕಾ ಗೊಣಗುತ್ತಿದ್ದುದಕ್ಕೂ ಇದೇ ಕಾರಣ. ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೂ ಪತ್ರ ತಲುಪುತ್ತಿತ್ತೇನೋ, ಮಾರೋಲೆ ಹೊರಡುತ್ತಿರಲಿಲ್ಲ. ವಿಳಾಸ 192.168.1.50, ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ತಿದ್ದಿ ಸೇವ್ ಮಾಡಿದೆ.

ಕಾಕಾನ ಮೊಬೈಲಿನಲ್ಲಿ ನಾಲ್ಕು ಚೌಕ ಮೂಡಿದವು. ಕನ್ನಡಕ ಏರಿಸಿ ಎರಡನೆಯ ಚೌಕವನ್ನೇ ದಿಟ್ಟಿಸಿದವರು, ‘ಸರ, ನೆಟ್ ಹರದೈತಲ್ರೀ!’ ಎಂದು ಎದ್ದರು. ನನ್ನ ಎದೆ ಧಸಕ್ಕೆಂದಿತು, ಲ್ಯಾಪ್‌ಟಾಪ್ ಮತ್ತೆ ತೆರೆದೆ. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಶೆಡ್ಡಿನತ್ತ ಓಡಿದ್ದರು. ಅವರು ಹೇಳಿದ್ದು ಮೂರನೆಯ ಅಂತಸ್ತಿನಲ್ಲಿ ಮಣೂಕ ಹರವಿದ ನೆಟ್ಟು.